ಕುಶನ್ ಅಕ್ಕನ ನೀರಿನ ಪರೀಕ್ಷೆ

ಕೋಲಾರದಲ್ಲಿ ಟೊಮೆಟೊ ಮಾರುಕಟ್ಟೆಗೆ ಹೋಗುವ ರಸ್ತೆಯಲ್ಲಿದ್ದ ಕುಶನ್ ಅಂಗಡಿ ಕಳೆದ ತಿಂಗಳು ಬಾಗಿಲು ಹಾಕಿತು. ಅಂಗಡಿ ಅಂದರೆ ಅಂಥದ್ದೇನೂ ಅಲ್ಲ. ಮೇಲೆ ತಗಡು, ಒಳಗೆ ಒಂದು ದಪ್ಪ ಹೊಲಿಗೆ ಮೆಷಿನ್ನು, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಹೊರಗೆ ಹೊಂಗೆ ಮರದ ನೆರಳಿನಲ್ಲಿ ಸೀಟು ಕಳಚಿಕೊಂಡು ನಿಂತ ಯಾವುದೋ ಒಂದು ಟೆಂಪೊ. ಅಂಗಡಿ ನಡೆಸುತ್ತಿದ್ದ ಅಕ್ಕ ಇನ್ನು ಭುಜ ಏಳುವುದಿಲ್ಲ ಎಂದು ಹೇಳಿ ಮಾಲೂರಿನ ಮಗಳ ಮನೆಗೆ ಹೊರಟುಹೋದರು. ಹೋಗಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾರೆ ಎಂದು ಯಾರಾದರೂ ತಿಳಿದಿದ್ದರೆ ಅವರಿಗೆ ಅಕ್ಕ ಗೊತ್ತಿಲ್ಲ. ಎರಡನೇ ವಾರಕ್ಕೇ ಅವರ ಅಳಿಯ ನನಗೆ ಫೋನು ಮಾಡಿ, ಮನೆಯ ಸೋಫಾ ಪೂರ್ತಿ ಬಿಚ್ಚಿ ಹಾಕಿದ್ದಾರೆ, ನಾವೆಲ್ಲ ಚಾಪೆ ಮೇಲೆ ಕೂತು ಟಿ.ವಿ. ನೋಡುತ್ತಿದ್ದೇವೆ, ನೀವಾದರೂ ಒಂದು ಮಾತು ಹೇಳಿ ಎಂದು ಗೋಳಾಡಿದ. ನಾನು ಹೇಳಿದರೆ ಕೇಳುವ ಪೈಕಿಯೇ ಅದು?

ಅಕ್ಕನ ಹೆಸರು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಅದೂ ಅವರ ಮಗಳ ಮದುವೆ ಪತ್ರಿಕೆ ನೋಡಿ. ಊರಿಗೆಲ್ಲ ಅವರು ಕುಶನ್ ಅಕ್ಕ. ಹುಟ್ಟಿದ್ದು ವಕ್ಕಲೇರಿಯ ಕಡೆ, ಹಸು ಕಟ್ಟಿದ ಮನೆಯಲ್ಲಿ. ಕೋಲಾರಕ್ಕೆ ಬಂದದ್ದು ಮದುವೆಯಾಗಿ. ಅಂಗಡಿ ಶುರು ಮಾಡಿದ್ದು ಗಂಡ. ಆದರೆ ಆ ಪುಣ್ಯಾತ್ಮರಿಗೆ ಬಂದವರ ಜೊತೆ ಮಾತಾಡುವುದರಲ್ಲಿ ಇದ್ದ ಆಸಕ್ತಿ ಸೂಜಿಯಲ್ಲಿ ಇರಲಿಲ್ಲ. ಅವರು ಮಾತಾಡುತ್ತಾ ಇದ್ದಾಗ ಈಕೆ ಬಂದು ಮೆಷಿನ್ನಿನ ಮುಂದೆ ಕೂತರು, ಮತ್ತೆ ಏಳಲಿಲ್ಲ. ಆಮೇಲೆ ಗಂಡ ಟೀ ಕಾಯಿಸಿಕೊಂಡು, ಗಿರಾಕಿಗಳನ್ನು ನಗಿಸಿಕೊಂಡು ಬಹಳ ಸುಖವಾಗಿದ್ದರು.

ನಾನು ಕಾಲೇಜೊಂದರ ಭೌತಶಾಸ್ತ್ರ ಲ್ಯಾಬಿನಲ್ಲಿ ಸಹಾಯಕ. ಹವ್ಯಾಸಕ್ಕೆ ವೈರ್‌ಲೆಸ್ ಲೈಸೆನ್ಸ್ ಇಟ್ಟುಕೊಂಡವನು. ಅಂದರೆ ಸ್ವಂತ ಸೆಟ್ಟಿನಲ್ಲಿ, ಸ್ವಂತ ಆಂಟೆನಾ ಕಟ್ಟಿಕೊಂಡು, ಎಲ್ಲೋ ದೂರದಲ್ಲಿ ನನ್ನಂತೆಯೇ ಕೂತ ಇನ್ನೊಬ್ಬನ ಜೊತೆ ಮಾತಾಡುವ ಹುಚ್ಚು. ಫೋನಿನಲ್ಲೇ ಮಾತಾಡಬಹುದಲ್ಲ ಎಂದು ನನ್ನ ಹೆಂಡತಿ ಕೇಳುತ್ತಲೇ ಇದ್ದಾಳೆ, ನಾನು ಆಂಟೆನಾ ತಿರುಗಿಸುತ್ತಲೇ ಇದ್ದೇನೆ. ನನ್ನ ಹಳೇ ವ್ಯಾನಿನ ಸೀಟು ಹರಿದು ಸ್ಪ್ರಿಂಗು ಚುಚ್ಚತೊಡಗಿದಾಗ ಮೊದಲ ಸಲ ಅಕ್ಕನ ಅಂಗಡಿಗೆ ಹೋದೆ. ಅಕ್ಕ ಸೀಟು ನೋಡಲೇ ಇಲ್ಲ. ವ್ಯಾನಿನಲ್ಲಿದ್ದ ನನ್ನ ಸೆಟ್ಟಿನ ಆಂಟೆನಾ ವೈರು ಕಿಟಕಿಯಿಂದ ಒಳಗೆ ಬಂದು, ಕನ್ನಡಿಗೆ ಒಂದು ಸುತ್ತು ಹಾಕಿ, ಸ್ಟೀರಿಂಗಿನ ಪಕ್ಕ ಜೋಲಾಡಿ, ಕೊನೆಗೆ ಸೆಟ್ಟಿಗೆ ಸೇರಿತ್ತಲ್ಲ, ಅದನ್ನೇ ನೋಡುತ್ತಾ ನಿಂತರು.

"ಸಾರ್, ಇದೇನು, ಬಟ್ಟೆ ಒಣಗಾಕೋಕೆ ಕಟ್ಟಿದ್ದೀರಾ?"

ನಾನು ವೈರ್‌ಲೆಸ್ ಬಗ್ಗೆ ಉದ್ದಕ್ಕೆ ವಿವರಿಸಿದೆ. ಅವರು ಅರ್ಧಕ್ಕೇ ಕೈ ಅಡ್ಡ ಹಿಡಿದು, ಸೀಟಿನ ಕೆಲಸ ನಾಳೆ, ಮೊದಲು ಈ ಹಗ್ಗ ಒಳಗೆ ಹೋಗಲಿ ಎಂದರು.

ಅವರು ವೈರ್ ಎಳೆಯುವುದನ್ನು ನೋಡುವುದೇ ಒಂದು ಸೊಗಸು. ಮೊದಲು ಕೈಬಳೆಗಳನ್ನು ತೆಗೆದು ಗೇರಿನ ಕಡ್ಡಿಗೆ ಏರಿಸುತ್ತಿದ್ದರು. ಕೈ ಬರಿದಾಗಬಾರದೆಂದು ಒಂದೊಂದು ಮಾತ್ರ ಉಳಿಸಿಕೊಳ್ಳುತ್ತಿದ್ದರು. ಆಮೇಲೆ ಬೆರಳ ಗೆಣ್ಣಿನಿಂದ ಬಾಗಿಲ ಪಕ್ಕದ ಕಂಬವನ್ನು ಮೇಲಿನಿಂದ ಕೆಳಗೆ ತಟ್ಟಿ, ಎಲ್ಲಿ ಪೊಳ್ಳು ಎಲ್ಲಿ ಗಟ್ಟಿ ಎಂದು ಕಿವಿಗೊಟ್ಟು ಕೇಳುತ್ತಿದ್ದರು. ಹಳೇ ಕೊಡೆಯ ಕಡ್ಡಿಯೊಂದನ್ನು ಕಂಬದೊಳಗೆ ಇಳಿಸಿ, ಕಣ್ಣು ಮುಚ್ಚಿ, ಅದು ಕೆಳಗೆ ತಲುಪಿದ್ದು ಕೈಗೆ ಗೊತ್ತಾದ ಮೇಲೆ ವೈರನ್ನು ಅದರ ತುದಿಗೆ ಕಟ್ಟಿ ಎಳೆಯುತ್ತಿದ್ದರು. ಗಿರಾಕಿಗಳ ಜೊತೆ ಕನ್ನಡ, ಗಂಡನ ಜೊತೆ ತೆಲುಗು. ವೈರಿನ ಜೊತೆಗೂ ತೆಲುಗೇ. "ರಾ ತಲ್ಲಿ, ರಾ" ಎಂದು, ಹಟ ಮಾಡುವ ಮಗುವನ್ನು ಕರೆಯುವ ದನಿಯಲ್ಲಿ ಕರೆಯುತ್ತಿದ್ದರು. ವೈರು ಬರುತ್ತಿತ್ತು. ನನ್ನದೂ ಬಾಗಿಲ ರಬ್ಬರಿನ ಹಿಂದೆ, ಕಂಬದ ಒಳಗೆ, ನೆಲದ ಮ್ಯಾಟಿನ ಕೆಳಗೆ ಹೋಗಿ ಸೆಟ್ಟಿನ ಬೆನ್ನಿಗೆ ಸೇರಿಕೊಂಡಿತು. ಒಂದು ಅಂಗುಲವೂ ಕಣ್ಣಿಗೆ ಬೀಳಲಿಲ್ಲ.

ಈ ಬಳೆಯಿಂದ ಒಂದು ಸಲ ಊರು ನಗುವಂಥ ಫಜೀತಿಯಾಯಿತು. ಮಾಲೂರಿನ ಡ್ರೈವರೊಬ್ಬ ಹಾಡಿನ ಸೆಟ್ಟು ಹಾಕಿಸಿಕೊಂಡು, ಅವಸರದಲ್ಲಿ ಗೇರಿನ ಕಡ್ಡಿಯ ಮೇಲಿದ್ದ ಬಳೆಗಳ ಸಮೇತ ಮನೆಗೆ ಹೋದ. ಅವನ ಹೆಂಡತಿ ಗಾಡಿಯಲ್ಲಿ ಬಳೆ ನೋಡಿದಳು. ಮಾರನೇ ದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಅಂಗಡಿಯ ಮುಂದೆ. ಅವನ ಮುಖ ಹುಳ್ಳಗೆ, ಅವಳ ಮುಖ ಕೆಂಪಗೆ. ಅಕ್ಕ ಏನೂ ವಿವರಣೆ ಕೊಡಲಿಲ್ಲವಂತೆ. ಬಳೆ ಇಸಕೊಂಡು ಕೈಗೆ ಏರಿಸಿಕೊಂಡರು, ಇನ್ನೊಂದು ಗಾಡಿಯ ಹತ್ತಿರ ಹೋಗಿ ಮತ್ತೆ ತೆಗೆದು ಗೇರಿಗೆ ಹಾಕಿದರು, ಕೆಲಸಕ್ಕೆ ಕೂತರು. ಆ ಹೆಂಗಸು ಅರ್ಧ ಗಂಟೆ ನಿಂತು ನೋಡಿ, ಟೀ ಕುಡಿದು, ತನ್ನ ಮನೆಯ ದಿಂಬಿಗೂ ಒಂದು ಕವರು ಹೊಲಿದುಕೊಡಿ ಎಂದು ಕೇಳಿ ಹೋದಳು.

ಆ ಮೊದಲ ಸಲ ನನ್ನ ವ್ಯಾನಿನ ಕೆಲಸ ಮುಗಿದ ಮೇಲೆ ಸೆಟ್ಟಿನಲ್ಲಿ ಯಾರೋ ಸಿಕ್ಕರು. ಮೂರು ರಾಜ್ಯ ದಾಟಿ ಆಚೆ ಕೂತ ಮನುಷ್ಯ. ಅಕ್ಕನಿಗೆ ಕೇಳಿಸಿದೆ. ಸ್ವಲ್ಪ ಹೊತ್ತು ಗಂಭೀರವಾಗಿ ಕೇಳಿ, ಅವರ ಊಟ ಆಯಿತಾ ಕೇಳಿ ಎಂದರು. ಲೈಸೆನ್ಸ್ ಬಂದ ದಿನದಿಂದ ನಾನು ಆ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ. ಕೇಳಿದೆ. ಆ ಕಡೆಯವನಿಗೆ ಎಷ್ಟು ಖುಷಿಯಾಯಿತೆಂದರೆ, ಏನು ತಿಂದೆ, ಯಾರು ಮಾಡಿದ್ದು, ಉಪ್ಪು ಹೆಚ್ಚಾಗಿತ್ತೋ ಕಡಿಮೆಯಾಗಿತ್ತೋ, ಎಲ್ಲ ಹೇಳಿದ. ಅಲ್ಲಿಂದ ಮುಂದೆ ನಾನು ಅಕ್ಕನ ಬಾಯಲ್ಲಿ ರೇಡಿಯೋ ಸಾರ್ ಆದೆ.

ಇನ್ನು ಅವರ ನೀರಿನ ಪರೀಕ್ಷೆ. ಕಿಟಕಿ, ಟಾಪು, ಬಾಗಿಲ ರಬ್ಬರು, ಯಾವುದಕ್ಕೆ ಕೈ ಹಚ್ಚಿದರೂ ಗಾಡಿ ಒಪ್ಪಿಸುವ ದಿನ ಅಕ್ಕ ಮನೆಗೆ ಹೋಗಿ ಇದ್ದ ಒಂದೇ ಒಂದು ಒಳ್ಳೇ ರೇಷ್ಮೆ ಸೀರೆ ಉಟ್ಟುಕೊಂಡು ಬರುತ್ತಿದ್ದರು. ತಾವು ಕೆಲಸ ಮಾಡಿದ ಜಾಗದ ಸರಿಯಾಗಿ ಕೆಳಗೆ ಒಳಗೆ ಕೂರುತ್ತಿದ್ದರು. ಹೊರಗಿನಿಂದ ಬಕೆಟ್‌ಗಟ್ಟಲೆ ನೀರು ಹುಯ್ಯಬೇಕಾದದ್ದು ಗಾಡಿಯ ಯಜಮಾನ. ಬೇರೆ ಯಾರಾದರೂ ಹುಯ್ದರೆ ಒಪ್ಪುತ್ತಿರಲಿಲ್ಲ. ಗಾಡಿ ಯಾರದೋ ಅನುಮಾನವೂ ಅವರದೇ, ಅವರ ಕೈಯಲ್ಲೇ ಅದು ತೀರಬೇಕು ಅನ್ನುವುದು ಅಕ್ಕನ ಲೆಕ್ಕ. ಅಕ್ಕಪಕ್ಕದ ಅಂಗಡಿಯವರು ಕೆಲಸ ಬಿಟ್ಟು ನೋಡಲು ಬರುತ್ತಿದ್ದರು. ಇಷ್ಟು ವರ್ಷದಲ್ಲಿ ಆ ಸೀರೆ ಒಂದು ಸಲವೂ ನೆನೆದಿರಲಿಲ್ಲ. ಅದೇ ಅವರ ಬೋರ್ಡು, ಅದೇ ಅವರ ಹೆಸರು.

ಈಗ ನನ್ನ ಮಾನ ಹೋದ ಕಥೆ ಹೇಳಬೇಕು. ಅದನ್ನು ಬಿಟ್ಟರೆ ಅಕ್ಕನ ಬಗ್ಗೆ ಹೇಳಿದಂತಾಗುವುದಿಲ್ಲ.

ನನ್ನ ಮಾವನವರು ಯಲ್ದೂರಿನವರು, ಮಾವಿನ ತೋಟದವರು. ಅವರ ಹತ್ತಿರ ತಗಡಿನ ಟಾಪಿನ ಒಂದು ಹಳೇ ಜೀಪಿದೆ. ನನ್ನ ಹೆಂಡತಿ ಹುಟ್ಟುವುದಕ್ಕೆ ಮುಂಚಿನದು, ಅವಳಿಗಿಂತ ಒಂದು ತೂಕ ಹೆಚ್ಚಿನ ಪ್ರೀತಿ ಅದರ ಮೇಲೆ. ತಮ್ಮ ಹೆಗಲ ಟವೆಲಿನಿಂದಲೇ ಅದನ್ನು ಒರೆಸುತ್ತಾರೆ. ನಮ್ಮ ವೈರ್‌ಲೆಸ್ ಗೆಳೆಯರೆಲ್ಲ ಮುಳಬಾಗಿಲಿನ ಹತ್ತಿರ ಒಂದು ಗುಡ್ಡದ ಮೇಲೆ ಸೇರುವುದಿತ್ತು. ನನ್ನ ವ್ಯಾನು ಗುಡ್ಡ ಹತ್ತುವ ಜಾತಿಯಲ್ಲ, ಜೀಪು ಕೇಳಿದೆ, ಕೊಟ್ಟರು. ಅಕ್ಕನ ಕೆಲಸ ಎರಡು ಸಲ ನೋಡಿದ್ದೆನಲ್ಲ, ನನಗೂ ಬಂತು ಅಂದುಕೊಂಡು ಎಡಗಡೆ ಹಿಂದಿನ ಕಿಟಕಿಯ ಮೇಲೆ ಡ್ರಿಲ್ಲಿನಿಂದ ಒಂದು ತೂತು ಕೊರೆದು ಆಂಟೆನಾ ವೈರು ಒಳಗೆ ತಂದೆ. ಕೆಲಸ ಮುಗಿದ ಮೇಲೆ ತೂತಿಗೆ ಅಂಟು ಮೆತ್ತಿ, ಮೇಲೆ ಹಸಿರು ಬಣ್ಣ ಬಳಿದು, ಜೀಪು ಒಪ್ಪಿಸಿದೆ. ಬಾಯಿ ಬಿಡಲಿಲ್ಲ.

ಹದಿನೈದು ದಿನಕ್ಕೆ ಮುಳಬಾಗಿಲಿನಲ್ಲಿ ನೆಂಟರ ಗೃಹಪ್ರವೇಶ. ಅತ್ತೆ, ಮಾವ, ನಾನು, ನನ್ನ ಹೆಂಡತಿ, ಎಲ್ಲ ಅದೇ ಜೀಪಿನಲ್ಲಿ. ದಾರಿಯಲ್ಲಿ ಎಂಥ ಮಳೆ ಅಂತೀರಿ! ಅಂಟು ಬಿಟ್ಟುಕೊಂಡಿತು. ಅತ್ತೆ ಕೂತಿದ್ದು ಸರಿಯಾಗಿ ಆ ತೂತಿನ ಕೆಳಗೆ. ಮುಡಿದ ಮಲ್ಲಿಗೆಯಿಂದ ಹಿಡಿದು ಸೀರೆಯ ಸೆರಗಿನ ತನಕ ನೀರು ಇಳಿಯಿತು. ಗೃಹಪ್ರವೇಶದ ಮನೆಯವರು, ತಲೆಗೆ ನೀರು ಹಾಕಿಕೊಂಡು ಹಂಗೇ ಬಂದಿರಾ ಎಂದು ಕೇಳಿದರು. ತುಕ್ಕು ಹಿಡಿದು ತೂತಾಗಿರಬೇಕು ಎಂದು ನಾನೇ ಮೊದಲು ಹೇಳಿದೆ, ನಾಚಿಕೆಗೇಡು. ಅಲ್ಲಿದ್ದ ನೆಂಟರ ಪೈಕಿ ಲಾರಿ ಓಡಿಸುವವರೊಬ್ಬರು ಬೆರಳು ಹಾಕಿ ನೋಡಿ, ತುಕ್ಕು ಇಷ್ಟು ರೌಂಡಾಗಿ ತಿನ್ನಲ್ಲ, ಇದು ಡ್ರಿಲ್ಲು ಎಂದರು. ಮಾವ ನನ್ನ ಕಡೆ ಒಂದು ಸಲ ನೋಡಿದರು. ನಾನು ಮನೆಯ ಹೊಸ ಬಾಗಿಲನ್ನು ಹೊಗಳುತ್ತಾ ಆಚೆ ಹೋದೆ.

ಅವತ್ತಿನಿಂದ ಮಾವ ನನ್ನ ಜೊತೆ ಮಾತು ಬಿಟ್ಟರು. ಜಗಳವಿಲ್ಲ, ಬೈಗುಳವಿಲ್ಲ, ಅವರು ಅಂಥವರಲ್ಲ. ಪಕ್ಕದಲ್ಲೇ ಊಟಕ್ಕೆ ಕೂತಿದ್ದರೂ, ಅವರಿಗೆ ಇನ್ನೊಂದು ಮುದ್ದೆ ಬೇಕಾ ಕೇಳು ಎಂದು ಮಗಳಿಗೆ ಹೇಳುತ್ತಿದ್ದರು. ನಾನು ನಮಸ್ಕಾರ ಅಂದರೆ ಮಾವಿನ ಮರ ನೋಡುತ್ತಿದ್ದರು. ಎರಡು ಮೂರು ಸಲ ಹೋಗಿ ನಾನೂ ಹೋಗುವುದು ಬಿಟ್ಟೆ. ಹೆಂಡತಿ ಒಬ್ಬಳೇ ಹೋಗಿ ಬರತೊಡಗಿದಳು. ಒಂದು ಭಾನುವಾರ ಬಸ್ಸಿಳಿದು ಬಂದವಳು ಚೀಲ ಕೆಳಗಿಟ್ಟು, "ತವರಿಗೆ ನಾನೊಬ್ಬಳೇ ಹೋಗಿ ಬರೋ ಹಂಗೆ ಮಾಡಿದ್ರಲ್ಲ" ಎಂದಳು. ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಮ್ಮನೆ ಹೇಳಿ ಒಳಗೆ ಹೋದಳು.

ಹನ್ನೊಂದು ತಿಂಗಳು ಹೀಗೇ ಕಳೆಯಿತು. ಕೊನೆಗೆ ಉಪಾಯ ಮಾಡಿದವರು ಅತ್ತೆಯೇ. ಜೀಪಿನ ಸೀಟು ಹರಿದಿದೆ, ಕೋಲಾರದಲ್ಲಿ ಚೆನ್ನಾಗಿ ಹೊಲಿಯುವವರು ಇದ್ದಾರಂತೆ ಎಂದು ಮಾವನ ಕಿವಿಗೆ ಹಾಕಿದರು. ಮಾವ ಬೀಗದ ಕೈಯನ್ನು ಮಗಳ ಕೈಗೆ ಕೊಟ್ಟರು, ಮಗಳು ನನ್ನ ಕೈಗೆ ಕೊಟ್ಟಳು.

ಅಕ್ಕನಿಗೆ ಎಲ್ಲ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಡನನ್ನು ಕರೆದು ತೆಲುಗಿನಲ್ಲಿ ಮೊದಲಿನಿಂದ ಹೇಳಿ ಮತ್ತೊಮ್ಮೆ ನಕ್ಕರು. ತೂತು ಮುಚ್ಚಿಬಿಡಿ ಅಕ್ಕ ಎಂದೆ. ಮುಚ್ಚಿದರೆ ನಿಮ್ಮ ಮಾವನಿಗೆ ದಿನಾ ಮುಚ್ಚಿದ ತೂತು ಕಾಣುತ್ತೆ, ಅದಕ್ಕೇನಾದರೂ ಕೆಲಸ ಕೊಡೋಣ ಎಂದರು. ಮಾವನಿಗೆ ಏನಿಷ್ಟ ಎಂದು ಕೇಳಿದರು. ರೇಡಿಯೋ ಎಂದೆ. ತೋಟದಲ್ಲಿ ಮರದ ಕೊಂಬೆಗೆ ಟ್ರಾನ್ಸಿಸ್ಟರ್ ನೇತು ಹಾಕಿಕೊಂಡು ಕೇಳುವ ಮನುಷ್ಯ ಅವರು. ಜೀಪಿನಲ್ಲೂ ಅದನ್ನು ಕನ್ನಡಿಗೆ ಕಟ್ಟಿಕೊಂಡು ಓಡಾಡುತ್ತಾರೆ, ತಗಡಿನ ಒಳಗೆ ಬರೀ ಗೊರಗೊರ.

ಹಾಗೆ ಜೀಪಿಗೆ ಒಂದು ರೇಡಿಯೋ ಬಂತು. ಸೆಟ್ಟು ಜೋಡಿಸಿದ್ದು ನಾನು. ಟಾಪಿನ ಅಂಚಿಗೆ ಆಂಟೆನಾ ನಿಂತಿತು, ಅದರ ವೈರು ಅದೇ ತೂತಿಗೆ ಹಾಕಿದ ಕರಿ ರಬ್ಬರಿನೊಳಗಿಂದ ಒಳಗೆ ಬಂದು, ಹೊಸದಾಗಿ ಹೊಲಿದ ಒಳಬಟ್ಟೆಯ ಹಿಂದೆ ಮಾಯವಾಯಿತು. ಸೀಟುಗಳೂ ಮಾವಿನ ಚಿಗುರಿನ ಬಣ್ಣದ ರೆಕ್ಸಿನ್ನಿನಲ್ಲಿ ಹೊಸದಾದವು.

ಶನಿವಾರ ಸಂಜೆ ಜೀಪನ್ನು ನನ್ನ ಮನೆಗೆ ತಂದೆ. ನೀರು ಹುಯ್ಯಬೇಕಾದವರು ಮಾವ, ಹಾಗಾಗಿ ಪರೀಕ್ಷೆ ಭಾನುವಾರ ಯಲ್ದೂರಿನಲ್ಲೇ ಎಂದು ಅಕ್ಕ ಹೇಳಿದ್ದರು. ಹೆಂಡತಿ ಆಗಲೇ ಅಲ್ಲಿಗೆ ಹೋಗಿದ್ದಳು. ಭಾನುವಾರ ಬೆಳಿಗ್ಗೆ ಎದ್ದು ಜೀಪು ತೊಳೆದೆ, ಟೈರಿನ ಸಂದಿಯ ಕಲ್ಲು ಕೂಡ ಕಿತ್ತೆ. ಆಗ ಕಣ್ಣಿಗೆ ಬಿತ್ತು. ಹೊರಗಡೆ ಆಂಟೆನಾದಿಂದ ಇಳಿದ ವೈರು ನೇರವಾಗಿ ತೂತಿಗೆ ಹೋಗುವುದನ್ನು ಬಿಟ್ಟು, ತೂತಿಗಿಂತ ನಾಲ್ಕು ಬೆರಳು ಕೆಳಗೆ ಜೋತು, ಮತ್ತೆ ಮೇಲಕ್ಕೆ ಹತ್ತಿ ಒಳಗೆ ಹೋಗಿತ್ತು. ವೈರು ಕಾಣಬಾರದು ಅನ್ನುವ ಅಕ್ಕ ಹೀಗೆ ಜೋಲು ಬಿಟ್ಟಿದ್ದಾರಲ್ಲ, ಪಾಪ, ಭುಜ ನೋವು, ಗಮನ ತಪ್ಪಿರಬೇಕು ಅಂದುಕೊಂಡೆ. ಒಳಗಿನಿಂದ ಎಳೆದು, ಬಿಗಿ ಮಾಡಿ, ನೂಲು ಹಿಡಿದಂತೆ ನೇರ ಮಾಡಿ ಕಟ್ಟಿದೆ. ದೂರ ನಿಂತು ನೋಡಿ ಮೆಚ್ಚಿಕೊಂಡೆ.

ಅಕ್ಕ ರೇಷ್ಮೆ ಸೀರೆ ಉಟ್ಟು ಬಂದು ಜೀಪು ಹತ್ತಿದರು. ಶ್ರೀನಿವಾಸಪುರ ದಾಟಿ ಯಲ್ದೂರು ಸೇರುವ ತನಕ ರೇಡಿಯೋ ಹಾಡುತ್ತಿತ್ತು, ಅಕ್ಕ ತಾಳ ಹಾಕುತ್ತಿದ್ದರು, ನನ್ನ ಎದೆ ಬೇರೆಯೇ ತಾಳ ಹಾಕುತ್ತಿತ್ತು.

ಮಾವ ಜಗಲಿಯ ಮೇಲೆ ಕೂತಿದ್ದರು. ಅಕ್ಕ ಇಳಿದು ನಮಸ್ಕಾರ ಮಾಡಿ, ಗಾಡಿ ನಿಮ್ಮದು, ನೀರು ನೀವೇ ಹುಯ್ಯಬೇಕು ಎಂದು ಹೇಳಿ, ವಾಪಸು ಹತ್ತಿ ಅತ್ತೆ ಕೂರುವ ಜಾಗದಲ್ಲೇ ಕೂತರು. ಮಾವನಿಗೆ ಈ ಪದ್ಧತಿ ಬಹಳ ಹಿಡಿಸಿತು. ಪಂಚೆ ಎತ್ತಿ ಕಟ್ಟಿ, ಮೊದಲ ಬಕೆಟ್ ಹುಯ್ದರು. ಎರಡನೆಯದು ಹುಯ್ದರು. ಒಳಗೆ ಅಕ್ಕ ಕೈ ಕಟ್ಟಿ ಕೂತು ನಗುತ್ತಿದ್ದರು. ಅತ್ತೆ, ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಮೂರನೇ ಬಕೆಟ್‌ಗೆ ಒಂದು ಹನಿ ಅಕ್ಕನ ಭುಜದ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು. ಆಮೇಲೆ ಸಣ್ಣಗೆ ಧಾರೆ. ರೇಷ್ಮೆ ಕಪ್ಪಗೆ ನೆನೆಯಿತು.

ಅಕ್ಕ ಇಳಿದು ಹೊರಗೆ ಬಂದು ತೂತಿನ ಹತ್ತಿರ ನೋಡಿದರು. ವೈರು ಮೇಲಿನಿಂದ ನೇರವಾಗಿ ತೂತಿಗೆ ಇಳಿದಿತ್ತು, ನೀರು ಅದನ್ನೇ ಹಿಡಿದುಕೊಂಡು ಒಳಗೆ ನಡೆದುಹೋಗುತ್ತಿತ್ತು. ಅವರು ವೈರು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅಷ್ಟರಲ್ಲಿ ನನಗೂ ಹೊಳೆಯಿತು. ಕೆಳಗೆ ಜೋತಿದ್ದ ಆ ನಾಲ್ಕು ಬೆರಳಿನ ಬಳುಕಿನ ತುದಿಯಲ್ಲಿ ನೀರು ನೆಲಕ್ಕೆ ತೊಟ್ಟಿಕ್ಕಲಿ ಎಂದೇ ಅಕ್ಕ ಅದನ್ನು ಬಿಟ್ಟಿದ್ದರು. ನೀರು ಮೇಲಕ್ಕೆ ಹತ್ತುವುದಿಲ್ಲ ಎಂದು ತಿಳಿಯಲು ಭೌತಶಾಸ್ತ್ರದ ಲ್ಯಾಬು ಬೇಕೆ? ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಕ್ಕ ಮಾವನ ಕಡೆ ತಿರುಗಿದರು.

"ತಪ್ಪು ನಂದೇ ಯಜಮಾನ್ರೇ. ವಯಸ್ಸಾಯ್ತು, ಕೈ ತಪ್ತು. ಅಳಿಯಂದಿರ್ದು ಇದ್ರಲ್ಲಿ ಏನೂ ಇಲ್ಲ."

ಎಷ್ಟು ಸಲೀಸಾಗಿ ಹೇಳಿದರೆಂದರೆ ನಾನೇ ಒಂದು ಕ್ಷಣ ನಂಬಿದೆ. ಸುಮ್ಮನಿದ್ದಿದ್ದರೆ ಆಗಿಹೋಗುತ್ತಿತ್ತು. ಸುಮ್ಮನಿರುವುದು ನನಗೆ ಅಭ್ಯಾಸವೂ ಇತ್ತು. ಆದರೆ ಆ ಒದ್ದೆ ಭುಜ ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ.

"ಇಲ್ಲ ಮಾವ, ಅಕ್ಕ ಸರಿಯಾಗೇ ಮಾಡಿದ್ರು. ಬೆಳಿಗ್ಗೆ ನಾನೇ ಎಳೆದು ಕಟ್ಟಿ ಕೆಡಿಸಿದೆ. ಹೋದ ವರ್ಷ ಆ ತೂತು ಕೊರೆದಿದ್ದೂ ನಾನೇ."

ಮಾವ ಬಕೆಟ್ ಕೆಳಗಿಟ್ಟರು. ಟವೆಲಿನಿಂದ ಕೈ ಒರೆಸಿಕೊಂಡರು. ಹನ್ನೊಂದು ತಿಂಗಳ ಮೇಲೆ ನನ್ನ ಮುಖ ನೋಡಿದರು.

"ತೂತು ಒಂದು ದೊಡ್ಡ ವಿಷಯ ಅಲ್ಲ ಅಳಿಯಂದ್ರೇ. ತಗಡಿಗೇನು, ತೂತಾಗುತ್ತೆ. ಅದನ್ನ ನಾನು ಲಾರಿಯವನ ಬಾಯಿಂದ ಕೇಳ್ಬೇಕಾಯ್ತಲ್ಲ, ಅದು." ಆಮೇಲೆ ಕಾಲಿನಿಂದ ಬಕೆಟ್ಟನ್ನು ನನ್ನ ಕಡೆ ತಳ್ಳಿದರು. "ಹೋಗಿ, ನೀರು ತಗೊಂಡ್ ಬನ್ನಿ."

ತೊಟ್ಟಿಯ ಹತ್ತಿರ ಓಡಿದೆ. ನಿಜವಾಗಿ ಓಡಿದೆ, ಚಪ್ಪಲಿ ಒಂದು ಅಲ್ಲೇ ಬಿತ್ತು. ಅಕ್ಕ ನಾಲ್ಕು ಬೆರಳು ಅಳತೆ ಹಿಡಿದು ವೈರನ್ನು ಮತ್ತೆ ಹೊರಗೆ ಬಿಟ್ಟರು, ನೆನೆದ ಸೀರೆಯಲ್ಲೇ ಮತ್ತೆ ಹತ್ತಿ ಕೂತರು. ಅತ್ತೆಯೂ ಹೋಗಿ ಪಕ್ಕದಲ್ಲಿ ಕೂತರು. ನಾನು ತಂದು ಕೊಡುವುದು, ಮಾವ ಹುಯ್ಯುವುದು. ಎಷ್ಟು ಬಕೆಟ್ ಆಯಿತೋ ಯಾರೂ ಎಣಿಸಲಿಲ್ಲ. ಪರೀಕ್ಷೆ ಯಾವಾಗಲೋ ಮುಗಿದಿತ್ತು, ಮಾವ ಸಂತೋಷಕ್ಕೆ ಹುಯ್ಯುತ್ತಿದ್ದರು. ಒಳಗೆ ಇಬ್ಬರು ಹೆಂಗಸರು ಹನಿ ನೀರು ಬೀಳದೆ ಕೂತು ಹರಟುತ್ತಿದ್ದರು. ನನ್ನ ಹೆಂಡತಿ ಬಾಗಿಲಿಗೆ ಒರಗಿಕೊಂಡು ಸೆರಗಿನಲ್ಲಿ ಮುಖ ಮುಚ್ಚಿ ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ.

ಊಟದ ಹೊತ್ತಿನಲ್ಲಿ ಮಾವ ಇನ್ನೊಂದು ಮುದ್ದೆ ಬೇಕಾ ಎಂದು ನನ್ನನ್ನೇ ಕೇಳಿದರು. ಹೊಟ್ಟೆ ತುಂಬಿತ್ತು, ಆದರೂ ಬೇಕು ಎಂದೆ. ಸಂಜೆ ಅವರೇ ರೇಡಿಯೋ ಹಾಕಿಕೊಂಡು ಜೀಪಿನಲ್ಲಿ ನಮ್ಮನ್ನು ಶ್ರೀನಿವಾಸಪುರದ ಬಸ್ ನಿಲ್ದಾಣಕ್ಕೆ ಬಿಟ್ಟರು. ಹೆಂಡತಿ ಎರಡು ದಿನ ತವರಲ್ಲೇ ಉಳಿದಳು.

ಕೋಲಾರದ ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತರು, ಮಡಿಲಲ್ಲಿ ಮಾವ ಕೊಟ್ಟ ಮಾವಿನ ಬುಟ್ಟಿ. ಸೀರೆಯ ಭುಜವನ್ನು ಗಾಳಿಗೆ ಒಡ್ಡಿಕೊಂಡಿದ್ದರು. ನನಗೆ ತಡೆಯಲಾಗದೆ ಕೇಳಿಯೇಬಿಟ್ಟೆ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೆಸರನ್ನು ನನಗೋಸ್ಕರ ಯಾಕೆ ಹಾಗೆ ಕೈ ಬಿಟ್ಟಿರಿ ಎಂದೆ. ಅಕ್ಕನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ನಂಗೆ ಗಾಡಿ ದಿನಾ ಬರ್ತವೆ ಸಾರ್. ನಿಮಗಿರೋದು ಒಂದೇ ಮಾವನ ಮನೆ."

ನನಗೆ ಅಳು ಬಂತು. ತುಂಬಿದ ಬಸ್ಸಿನಲ್ಲಿ, ಕಂಡಕ್ಟರ್ ಟಿಕೆಟ್ ಕೊಡಲು ಪಕ್ಕದಲ್ಲೇ ನಿಂತಿದ್ದಾಗ, ಬಂದೇಬಿಟ್ಟಿತು. ಅಕ್ಕ ನನ್ನ ಕಡೆ ನೋಡಲಿಲ್ಲ. ಇಬ್ಬರ ಟಿಕೆಟ್ಟೂ ತಾವೇ ತೆಗೆದು, ಬುಟ್ಟಿಯಿಂದ ಚೆನ್ನಾಗಿ ಮಾಗಿದ ಎರಡು ಹಣ್ಣು ಆರಿಸಿ, ದೊಡ್ಡದನ್ನು ನನ್ನ ಕೈಗಿಟ್ಟರು.